ಮೊದಲನೇ ತಾಸಿನ ಹಣ್ಣು

ಮೇ 4, ಸೋಮವಾರ
ಚೆನ್ನೈ, ಪುರಸೈವಾಕ್ಕಂ ಆಸ್ಪತ್ರೆ. ಅಕ್ಕನ ಡಯಾಲಿಸಿಸ್. ಅವಳ ಕೈಯ ಫಿಸ್ಟುಲಾ, ಡಯಾಲಿಸಿಸ್ ಸೂಜಿ ಚುಚ್ಚಲೆಂದೇ ಮಾಡಿದ ರಕ್ತನಾಳದ ಜೋಡಣೆ, ಮುಚ್ಚಿಹೋಗಿ, ಊರಿಂದ ಕರೆತಂದು ಇಲ್ಲೇ ಸರಿಮಾಡಿಸಿದ್ದು. ಏಸಿ, ಸಾಲು ಸಾಲು ಮಷೀನು, ದಿನಾ ಬರುವ ಕಿಡ್ನಿ ಡಾಕ್ಟರ್. ಊರಿನ ತಾಲೂಕು ಆಸ್ಪತ್ರೆಯಲ್ಲಿ ಎರಡೇ ಮಷೀನು. ಡಾಕ್ಟರು ತಿಂಗಳಿಗೊಮ್ಮೆ, ಬಳ್ಳಾರಿಯಿಂದ. ಹೋಲಿಸುವುದೇನಿದೆ?

ಅಕ್ಕ ಹೋಲಿಸುತ್ತಲೇ ಇದ್ದಾಳೆ. "ಅಲ್ಲಿ ಮೊದಲನೇ ತಾಸಿಗೆ ಎಲ್ಲಾರೂ ಒಂದೊಂದು ಹೋಳು ಮಾವಿನಹಣ್ಣು ತಿಂತೀವಿ. ಆಮ್ಯಾಲೆ ಮಷೀನು ತೊಳದು ಹಾಕ್ತೈತಿ." ಹಣ್ಣಿನ ಪೊಟ್ಯಾಸಿಯಂ ಕಿಡ್ನಿ ಕೆಟ್ಟವರಿಗೆ ವಿಷ; ಉಳಿದ ಹೊತ್ತು ಮುಟ್ಟುವಂತಿಲ್ಲ, ಪಾಪ.

ಮೇ 7
ಅಕ್ಕ ಮಾವಿನ ಹೋಳು ತುಂಬಿ ತಂದ ಡಬ್ಬಿ ನರ್ಸ್ ವಾಸಂತಿಯ ಕಣ್ಣಿಗೆ ಬಿತ್ತು. "ಬೆಡ್‌ಲ ಸಾಪ್ಪಿಡಕ್ಕೂಡಾದು, ಪಾಟ್ಟಿ."
"ಏನಂದ್ಲಾಕಿ?"
"ಇಲ್ಲಿ ತಿನ್ನಬಾರದಂತೆ."
"ಪಾಟ್ಟಿ ಅಂದ್ರ ಅಜ್ಜಿ ಅಲ್ಲೇನು? ಅದನ್ನ ನುಂಗಿಬಿಟ್ಟಿ!"

ಮೇ 9
ಊರಿನ ಡಯಾಲಿಸಿಸ್ ಟೆಕ್ನಿಷಿಯನ್ ವೀರೇಶನ ಫೋನ್. "ಅಮ್ಮಾರ, ನಿಮ್ಮ ಸ್ಲಾಟ್ ಹದಿನೆಂಟರ ತನಕ ಹಿಡದಿಟ್ಟೀನ್ರಿ. ಬಿಟ್ರ ಮತ್ತ ಯಾವಾಗ ಸಿಗ್ತೈತೋ." ಅಕ್ಕನ ಮುಖ ಅರಳಿತು.

ಇಲ್ಲೇ ಇರು ಅಂದೆ. ಕೈ ಮತ್ತೆ ಕೆಟ್ಟರೆ ಅಂದೆ. ನಾನು ಕವಿತೆ ಹಿಡಿದು ಕೂತರೆ "ನನಗೂ ಕೇಳಂಗ ಓದ" ಎನ್ನುವವಳು ನಾನೊಬ್ಬಳೇ ಇದ್ದ ಈ ಮನೆಗೆ ಈಗ ಬಂದಿದ್ದಾಳೆ... ಅದನ್ನು ಹೇಳಲಿಲ್ಲ.
"ಅಲ್ಲಿ ನನ್ನ ಮಂದಿ ಅದಾರ, ಹುಚ್ಚಿ."

ಮೇ 13
ನಾಳೆ ರಾತ್ರಿಗೆ ಅಕ್ಕನಿಗೆ ಊರಿನ ಟಿಕೆಟ್ ಆಗಿತ್ತು. ಬರುತ್ತೇನೆಂದು ತಿಳಿಸಲು ಅಕ್ಕ ವೀರೇಶನಿಗೆ ಫೋನ್ ಮಾಡಿದಳು, ಸ್ಪೀಕರ್ ಹಾಕಿ. "ನನ್ನ ಜಾಗಕ್ಕ ಯಾರರೆ ಕಾಯಾಕತ್ಯಾರೇನು?"

ಅವನು ತಡವರಿಸಿದ. ಗಗನಾ ಅಂತ ಒಬ್ಬಳು. ಎಳೆಗೂಸಿನ ತಾಯಿ. ವಾರಕ್ಕೆರಡು ಸಲ ಬಳ್ಳಾರಿಗೆ ಬಸ್ಸು. ಮೊನ್ನೆ ವಾಪಸ್ ಬರುವಾಗ ಬಸ್ಸಿನಲ್ಲೇ ತಲೆ ಸುತ್ತಿ ಬಿದ್ದಳಂತೆ.

ಅಕ್ಕ ಫೋನನ್ನು ಬಾಯಿಗೆ ಹತ್ತಿರ ತಂದಳು. "ನನಗ ಇಲ್ಲಿ ತಂಗಿ ಅದಾಳ. ಆಕೀಗೆ ಕೊಡಪ್ಪ. ಮೊದಲನೇ ದಿನ ಹೆದರ್ತಾಳ, ಒಂದು ಹೋಳು ಹಣ್ಣು ಕೊಡ್ರಿ."

ಟಿಕೆಟ್ ಕ್ಯಾನ್ಸಲ್ ಮಾಡಿದೆ. ನನಗೆ ಬೇಕಿದ್ದದ್ದು ಇದೇ. ಅಕ್ಕ ಬಾಲ್ಕನಿಯಲ್ಲಿ ಕೂತಿದ್ದಾಳೆ, ಬೆನ್ನು ಈ ಕಡೆ. ಇವತ್ತು ಓದು ಅನ್ನಲಿಲ್ಲ.

ಮೇ 14, ಬೆಳಿಗ್ಗೆ
ಬಂಗನಪಲ್ಲಿ ಮಾವು ಹೆಚ್ಚಿಟ್ಟೆ, ಡಬ್ಬಿಗೆ ಒಂದೇ ಹೋಳು. ಡಾಕ್ಟರನ್ನೇ ಕೇಳುತ್ತೇನೆ. ಒಪ್ಪಿದರೆ ವಾಸಂತಿ ಏನೂ ಅನ್ನಲಾರಳು. ಒಪ್ಪದಿದ್ದರೆ—

ಅಕ್ಕ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ. "ಇನ್ನೊಂದು ಹೋಳು ಹಾಕಬೇ. ಬಾಜೂ ಬೆಡ್ಡಿನಾಕಿ ಹೆಸರೇನು, ಕೇಳಬೇಕು..."

ಆಟೊ ಬಂತು. ಚಾಕು ಎಲ್ಲಿಟ್ಟೆ?