ಎದುರು ಮನೆಗೆ ನುಗ್ಗಿದ ಕೆಂಪಿ

ತಣಿಸಂದ್ರ
ಭಾನುವಾರ, ೩ ಮಾರ್ಚ್ ೨೦೨೪

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆ ಬಿಂದುಶ್ರೀ ಮಾಡುವ ನಮಸ್ಕಾರಗಳು. ಸೊಂಟದ ನೋವು ಈಗ ಹೇಗಿದೆ? ರಾತ್ರಿ ನಿದ್ದೆ ಬರುತ್ತಿದೆಯೇ? ವಾಕರ್ ಹಿಡಿದು ಹಿತ್ತಲಿನವರೆಗೆ ಹೋಗಿ ಬರುತ್ತೀರೆಂದು ಸೀತಕ್ಕ ಫೋನಿನಲ್ಲಿ ಹೇಳಿದರು. ಯಾರೂ ನೋಡದಿದ್ದಾಗ ವಾಕರ್ ಬದಿಗೆ ತಳ್ಳಿ ಗೋಡೆ ಹಿಡಿದು ನಡೆಯುತ್ತೀರೆಂದೂ ಹೇಳಿದರು. ನನಗೇನೂ ಆಶ್ಚರ್ಯವಾಗಲಿಲ್ಲ. ಆಪರೇಷನ್ ಮಾಡಿದ ಡಾಕ್ಟರನ್ನೇ ಹುಲ್ಲಿನ ಹೊರೆ ಯಾವತ್ತಿನಿಂದ ಎತ್ತಬಹುದು ಎಂದು ಕೇಳಿದವರು ನೀವು. ದಯವಿಟ್ಟು ಇನ್ನೊಂದು ತಿಂಗಳು ಸೀತಕ್ಕನ ಮಾತು ಕೇಳಿ. ಮಗಳ ಮನೆಯಲ್ಲಿ ಕೂತು ಉಣ್ಣುವುದು ನಿಮಗೆ ಕಷ್ಟ ಎಂದು ಗೊತ್ತು, ಆದರೂ ಕೇಳಿ.

ಬಸ್ಸು ಹತ್ತಿದರೆ ಒಂದೂವರೆ ಗಂಟೆಯ ವಿಜಯಪುರಕ್ಕೆ ಇವಳು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ. ಫೋನು ಕಿವಿಗಿಟ್ಟರೆ ನೀವು ‘ಆಂ? ಆಂ?’ ಎನ್ನುತ್ತೀರಿ. ಸೀತಕ್ಕ ನಡುವೆ ನಿಂತು ನನ್ನ ಅರ್ಧ ಗಂಟೆಯ ಮಾತನ್ನೆಲ್ಲ ‘ಎಲ್ಲಾ ಚೆನ್ನಾಗವ್ರಂತೆ ಕಣಮ್ಮಾ’ ಎಂದು ನಿಮ್ಮ ಕಿವಿಯಲ್ಲಿ ಕೂಗಿ ಮುಗಿಸಿಬಿಡುತ್ತಾರೆ. ಪಾಪ, ಅವರಿಗೂ ಒಲೆಯ ಮೇಲೆ ಸಾರು ಇರುತ್ತದೆ. ನೀವು ದಿನಾ ಅಕ್ಷರ ಕೂಡಿಸಿ ಪೇಪರ್ ಓದುವವರಾದ್ದರಿಂದ ದೊಡ್ಡದಾಗಿ, ದುಂಡಗೆ ಬರೆಯುತ್ತಿದ್ದೇನೆ. ಪೇಪರ್ ಓದಿದ ಹಾಗೆ ಇದನ್ನು ಮಾತ್ರ ಗಟ್ಟಿಯಾಗಿ ಓದಬೇಡಿ, ಬೀದಿಗೆಲ್ಲ ಕೇಳಿಸುತ್ತದೆ.

ನಿಮ್ಮ ಮಗ ಚೆನ್ನಾಗಿದ್ದಾರೆ. ಹೆಬ್ಬಾಳದ ಟೈಲ್ಸ್ ಅಂಗಡಿಗೆ ಹೋಗಿ ಬರುವುದರಲ್ಲೇ ಆಯಸ್ಸೆಲ್ಲ ಫ್ಲೈಓವರಿನ ಮೇಲೆ ಕರಗಿಹೋಗುತ್ತಿದೆ ಎಂದು ದಿನಾ ಗೊಣಗುತ್ತಾರೆ, ಗೊಣಗಿದ ಮೇಲೆ ಚೆನ್ನಾಗಿ ಊಟ ಮಾಡುತ್ತಾರೆ. ಕೆಂಪಿಯೂ ಅದರ ಕರುವೂ ಚೆನ್ನಾಗಿವೆ. ನನಗೆ ಬೇಜಾರಾಗಿರುವುದು ನಿಮ್ಮ ಮೇಲೆ. ‘ಆ ಅಸುನ್ನ ಮಾರಾಕ್ಬುಡು, ಓದ್ಕಂಡಿರೋ ಉಡ್ಗಿಗೆ ಸಗಣಿ ಎತ್ತೋ ಕರ್ಮ ಯಾಕೆ’ ಎಂದು ನೀವು ಹೇಳಿದಿರಂತೆ. ನಿಮ್ಮ ಮಗನಿಗೆ ಅಷ್ಟೇ ಸಾಕಾಯಿತು. ಬಾಗಲೂರಿನ ದಲ್ಲಾಳಿ ಪಂಚಪ್ಪನಿಗೆ ಫೋನು ಮಾಡಿ, ಶಿವರಾತ್ರಿ ಕಳೆದ ಮೇಲೆ ಬಂದು ಹಸು ಕರು ಎರಡನ್ನೂ ನೋಡಿಕೊಂಡು ಹೋಗು ಎಂದರು. ‘ನಿನಗೋಸ್ಕರಾನೇ ಕಣೇ’ ಎಂದು ನನ್ನ ಮೇಲೇ ಹೊರಿಸಿದರು. ನನಗೋಸ್ಕರ ಎಂದ ಮೇಲೆ ನನ್ನನ್ನು ಒಂದು ಮಾತು ಕೇಳಬೇಡವೇ? ನೀವೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾಗಲೂ ಇಲ್ಲ, ಅದು ಬೇರೆ ಮಾತು.

ಕಷ್ಟವೇ ಇಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ, ಆದ್ದರಿಂದ ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ. ಬೋರ್‌ವೆಲ್ ಕೈ ಕೊಟ್ಟಿದೆ. ಟ್ಯಾಂಕರಿನವನು ಇವತ್ತು ಬರುತ್ತೇನೆಂದು ನಾಳೆ ಬರುತ್ತಾನೆ. ಪಾತ್ರೆ ತೊಳೆದ ನೀರಿನಲ್ಲಿ ಕೊಟ್ಟಿಗೆ ತೊಳೆಯುತ್ತೇನೆ. ಮನೆ ಹಿಂದಿನ ಅಪಾರ್ಟ್‌ಮೆಂಟಿನವರು ಸಗಣಿ ವಾಸನೆ ಎಂದು ಮತ್ತೊಮ್ಮೆ ಹೇಳಿಹೋದರು. ನೀವು ಕೊಯ್ಯುತ್ತಿದ್ದ ಕೆರೆಯ ಪಕ್ಕದ ಹುಲ್ಲಿನ ಜಾಗಕ್ಕೆ ತಗಡಿನ ಬೇಲಿ ಬಿದ್ದಿದೆ. ಮೊದಲ ವಾರ ಅದರ ಮುಂದೆ ಖಾಲಿ ಚೀಲ ಹಿಡಿದು ನಿಂತು ಅತ್ತೇ ಬಿಟ್ಟೆ. ಆಮೇಲೆ ಚೀಲ ಹಿಡಿದು ಮೇನ್ ರೋಡಿಗೆ ಹೋದೆ. ಮುಸುಕಿನ ಜೋಳ ಸುಡುವ ಮುನಿಆಂಜಿನಪ್ಪನ ಗಾಡಿಯ ಕೆಳಗೆ ಹಸಿರು ಸಿಪ್ಪೆಯ ರಾಶಿಯೇ ಬಿದ್ದಿತ್ತು. ಕೇಳಿದರೆ ‘ತಗೊಂಡೋಗಮ್ಮಾ, ನಂಗೂ ಎಸೆಯೋ ಕೆಲ್ಸ ತಪ್ತು’ ಎಂದ. ತರಕಾರಿಯವನು ಹೂಕೋಸಿನ ಎಲೆ ಎತ್ತಿಡುತ್ತಾನೆ. ವಾಸನೆ ಎಂದವರ ಮನೆಯಿಂದಲೇ ಒಬ್ಬ ಅಜ್ಜಿ ಸಂಜೆ ಕಲಗಚ್ಚಿನ ಬಕೆಟ್ಟು ತಂದು, ಕೆಂಪಿಯ ಕೊರಳಿನ ಗಂಗೆದೊಗಲು ನೇವರಿಸುತ್ತಾ ಅರ್ಧ ಗಂಟೆ ನಿಲ್ಲುತ್ತಾರೆ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಈ ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಮಾತಾಡಿಸುವವರು ಇರಲಿಲ್ಲ. ಈಗ ಚೀಲ ಹಿಡಿದು ಹೊರಟರೆ ನಾಲ್ಕು ಕಡೆ ನಿಂತು ಮಾತಾಡಿ ಬರುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಗಿರುತ್ತದೆ.

ಗೃಹಪ್ರವೇಶದ ವಿಷಯ ಸೀತಕ್ಕ ನಿಮಗೆ ಹೇಗೆ ಹೇಳಿದರೋ ಗೊತ್ತಿಲ್ಲ. ‘ಚೆನ್ನಾಗಾಯ್ತಂತೆ’ ಎಂದಿರುತ್ತಾರೆ. ಆದದ್ದನ್ನು ನಾನು ಹೇಳುತ್ತೇನೆ, ಕೇಳಿ. ಹೊಸ ಅಪಾರ್ಟ್‌ಮೆಂಟಿನ ಜಯಂತ್ ದೀಪಾವಳಿಯಲ್ಲೇ ವೀಳ್ಯ ಕೊಟ್ಟು, ನಮ್ಮ ಮನೆಗೆ ಮೊದಲು ನಿಮ್ಮ ಹಸುವೇ ಕಾಲಿಡಬೇಕು ಎಂದು ನಿಮ್ಮಿಂದ ಮಾತು ತಗೊಂಡು ಹೋಗಿದ್ದರಲ್ಲ. ಹೋದ ಸೋಮವಾರ ಮುಹೂರ್ತ. ಸಂಕ್ರಾಂತಿಗೆ ಹಸು ತೊಳೆಯಲು ಹೋಗಿ ಅತ್ತೆ ಜಾರಿಬಿದ್ದಿದ್ದಾರೆ, ಬೇರೆ ಕಡೆ ನೋಡಿಕೊಳ್ಳಿ ಎಂದು ಅವರಿಗೆ ಹೇಳಬಹುದಿತ್ತು. ನೀವು ಕೊಟ್ಟ ಮಾತನ್ನು ನಾನು ತಪ್ಪಿಸಿದೆ ಎಂದಾಗಬಾರದು ಎಂದು ಹೊರಟೆ. ನಿಮ್ಮ ಮಗ ಅರ್ಧ ದಿನ ರಜೆ ಹಾಕಿ, ಮುಖ ಗಂಟು ಹಾಕಿಕೊಂಡು ಕರುವನ್ನು ಹಿಡಿದುಕೊಂಡರು.

ಆ ದಿನ ನನ್ನ ತಲೆಗೊಂದು ಜಾಣತನ ಹೊಳೆಯಿತು. ನಾಲ್ಕನೇ ಮಹಡಿಗೆ ಹಸುವನ್ನು ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಕರೆದುಕೊಂಡು ಹೋಗಬೇಕಿತ್ತು. ಲಿಫ್ಟಿನಲ್ಲಿ ಗಂಜಲ ಹಾಕಿದರೆ ಏನು ಗತಿ ಎಂದು ಅಲ್ಲಿನ ಸೆಕ್ಯೂರಿಟಿಯವನು ಹಿಂದಿನ ದಿನವೇ ತಕರಾರು ತೆಗೆದಿದ್ದ. ಅದಕ್ಕೆ ನಾನು ಬೆಳಿಗ್ಗೆ ಕೆಂಪಿಗೆ ನೀರೇ ತೋರಿಸಲಿಲ್ಲ. ನೀರು ಕುಡಿಯದಿದ್ದರೆ ಗಂಜಲವೂ ಇಲ್ಲ, ತಕರಾರೂ ಇಲ್ಲ ಎಂದು ಲೆಕ್ಕ ಹಾಕಿದ್ದೆ. ನೀವಿದ್ದಿದ್ದರೆ ಕೈಯಲ್ಲಿದ್ದ ಹಗ್ಗದಲ್ಲೇ ನನಗೆ ನಾಲ್ಕು ಬಾರಿಸುತ್ತಿದ್ದಿರಿ. ಕೆಂಪಿಗೆ ಅರಿಶಿನ ಕುಂಕುಮ ಇಟ್ಟು, ಕೊಂಬಿಗೆ ಹೂ ಸುತ್ತಿ, ಕೊರಳಿಗೆ ಗಂಟೆ ಕಟ್ಟಿ ಕರೆದುಕೊಂಡು ಹೋದೆ. ಲಿಫ್ಟಿನೊಳಗೆ ಕೆಂಪಿ ಎಷ್ಟು ಗಂಭೀರವಾಗಿ ನಿಂತಿತ್ತು ಎಂದರೆ, ಸೆಕ್ಯೂರಿಟಿಯವನೇ ಕೈ ಮುಗಿದ.

ಮೇಲೆ ಬಾಗಿಲು ತೆರೆಯಿತು. ಎಡಗಡೆ ಜಯಂತ್ ಅವರ ಮನೆ. ಮಾವಿನ ತೋರಣ, ರಂಗೋಲಿ, ಓಲಗ. ಜಯಂತ್ ಮತ್ತು ಅವರ ಹೆಂಡತಿ ಮಹತಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಬಲಗಡೆಯ ಮನೆಯ ಬಾಗಿಲೂ ತೆರೆದಿತ್ತು. ಆ ಮನೆಯಾಕೆ ನೈಟಿಯಲ್ಲಿ ನೆಲ ಒರೆಸುತ್ತಿದ್ದಳು. ಅಲ್ಲೂ ನೀರು ಹೊತ್ತಿಗೆ ಸರಿಯಾಗಿ ಬಿಟ್ಟು ನಿಲ್ಲಿಸುತ್ತಾರಂತೆ. ನಿಲ್ಲುವ ಮೊದಲೇ ಹಿಡಿದಿಟ್ಟ ಒಂದು ಬಕೆಟ್ ನೀರು ನಡುಮನೆಯಲ್ಲಿ ಇತ್ತು. ಕೆಂಪಿ ಎಡಕ್ಕೆ ನೋಡಲೇ ಇಲ್ಲ. ಹಗ್ಗ ನನ್ನ ಕೈಯಿಂದ ಜಾರಿತು. ಬಲಗಾಲೇ ಮುಂದಿಟ್ಟು, ಶಾಸ್ತ್ರಕ್ಕೆ ಸರಿಯಾಗಿ, ಎದುರು ಮನೆಯೊಳಗೆ ಹೋಗಿ ಬಕೆಟ್ಟಿಗೆ ಬಾಯಿ ಹಾಕಿತು. ಕರುವೂ ನಿಮ್ಮ ಮಗನನ್ನು ಎಳೆದುಕೊಂಡು ಹಿಂದೆಯೇ ಹೋಯಿತು. ನಾನು ‘ಬಾರೇ, ಬಾರೇ’ ಎಂದು ಬೇಡಿಕೊಳ್ಳುತ್ತಿದ್ದೆ. ಅದು ಕೊನೆಯ ಹನಿಯವರೆಗೆ ಕುಡಿದು, ಉಸಿರು ಬಿಟ್ಟು, ಬಾಲ ಎತ್ತಿ, ಆಗಷ್ಟೇ ಒರೆಸಿದ್ದ ನೆಲದ ಮೇಲೆ ಸಗಣಿ ಹಾಕಿತು.

ಓಲಗ ನಿಂತಿತು. ನಾಚಿಕೆಯಿಂದ ನನಗೆ ಅಲ್ಲಿಂದ ಓಡಿಹೋಗುವ ಹಾಗಾಯಿತು. ಮಹತಿ ಅವರ ಕಣ್ಣಲ್ಲಿ ನೀರು. ಸಾಲ ಮಾಡಿ ತಗೊಂಡ ಮನೆ, ಹಸುವಿನ ಮೊದಲ ಹೆಜ್ಜೆ ಬೇರೆಯವರ ಮನೆಗೆ. ಯಾರಿಗಾದರೂ ಸಂಕಟವಾಗುತ್ತದೆ. ಎದುರು ಮನೆಯಾಕೆ, ನಂದಿತಾ ಅಂತ, ಆಸ್ಪತ್ರೆಯಲ್ಲಿ ನರ್ಸು, ನೆಲ ಒರೆಸುವ ಬಟ್ಟೆ ಹಿಡಿದು ಹಾಗೆಯೇ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಅವಳ ತಾಯಿ ಗೋಡೆ ಹಿಡಿದುಕೊಂಡು ಬಂದರು. ಹಸುವನ್ನು ನೋಡಿದರು, ನೆಲ ನೋಡಿದರು. ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು ಕೆಂಪಿಯ ಹಣೆಗೆ ಇಟ್ಟರು. ‘ಇಷ್ಟು ಬಾಡಿಗೆ ಮನೆ ನೋಡಿದೀನಿ ಕಣಮ್ಮಾ, ಒಂದಕ್ಕೂ ಹಸು ಬಂದಿರ್ಲಿಲ್ಲ. ಯಾರ್ ಕರೀತಾರೆ ಬಾಡಿಗೆ ಮನೆಗೆ?’ ಎಂದರು. ನಂದಿತಾ ‘ಅಮ್ಮಾ, ಸುಮ್ನಿರೇ’ ಎಂದಳು, ಎಂದವಳೇ ಬಟ್ಟೆ ಕೆಳಗೆ ಹಾಕಿ ಅತ್ತುಬಿಟ್ಟಳು. ಮೊದಲು ನಕ್ಕವರು ಮಹತಿ. ಕಣ್ಣೊರೆಸಿಕೊಂಡು, ಆರತಿ ತಟ್ಟೆ ಹಿಡಿದುಕೊಂಡೇ ಎದುರು ಮನೆಗೆ ಬಂದು, ‘ಆಂಟಿ, ಹಾಲಿದ್ರೆ ನೀವೂ ಒಲೆ ಮೇಲಿಡಿ, ಒಟ್ಟಿಗೇ ಉಕ್ಕಿಸೋಣ’ ಎಂದರು. ಪುರೋಹಿತರು ಗಡಿಯಾರ ನೋಡಿ, ಮುಹೂರ್ತ ಇನ್ನೂ ಇದೆ, ಬೇಗ ಬೇಗ ಎಂದರು. ಹೊಟ್ಟೆ ತಂಪಾದ ಕೆಂಪಿ ಆಮೇಲೆ ಜಯಂತ್ ಅವರ ಮನೆಗೂ ಸಾಧುವಾಗಿ ಹೋಗಿ ಬಾಳೆಹಣ್ಣು ತಿಂದು ಬಂತು. ಎದುರು ಬದುರು ಮನೆಯವರು ಒಬ್ಬರ ಮುಖ ಒಬ್ಬರು ನೋಡಿದ್ದು ಅವತ್ತೇ ಮೊದಲಂತೆ. ಮಧ್ಯಾಹ್ನ ಒಂದೇ ಸಾಲಿನಲ್ಲಿ ಕೂತು ಹೋಳಿಗೆ ಊಟ ಮಾಡಿದೆವು. ನಿಮ್ಮ ಮಗ ಮೂರು ಹೋಳಿಗೆ ಹಾಕಿಸಿಕೊಂಡರು, ಗಂಟು ಹಾಕಿದ್ದ ಮುಖ ಆಗ ಬಿಚ್ಚಿತು.

ಅತ್ತೆ, ನಂದಿತಾಳ ತಾಯಿಯ ಮಾತು ನನ್ನನ್ನು ಬಿಡುತ್ತಿಲ್ಲ. ನಾನು ಆರ್.ಟಿ. ನಗರದ ಬಾಡಿಗೆ ಮನೆಗಳಲ್ಲಿ ಬೆಳೆದವಳು ಎಂದು ನಿಮಗೆ ಗೊತ್ತು. ಗೋಡೆಗೆ ಮೊಳೆ ಹೊಡೆಯುವ ಹಾಗಿರಲಿಲ್ಲ, ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದೆವು. ತುಳಸಿ ಕುಂಡವನ್ನು ಮೆಟ್ಟಿಲ ಮೇಲಿಟ್ಟರೆ ಮನೆ ಮಾಲೀಕರು ಎತ್ತಿಡಿಸುತ್ತಿದ್ದರು. ಯಾವುದಕ್ಕೂ ನಮ್ಮದು ಎಂದು ಹೇಳುವ ಅಭ್ಯಾಸವೇ ನನಗಾಗಲಿಲ್ಲ. ನಿಮ್ಮ ಮನೆಗೆ ಬಂದ ಮೇಲೂ ನಾನು ‘ನಿಮ್ಮ ಪಾತ್ರೆ’, ‘ನಿಮ್ಮ ಹಸು’ ಎನ್ನುತ್ತಿದ್ದೆ. ಮೊದಲ ವರ್ಷ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೊಟ್ಟಿಗೆ ದಾಟುತ್ತಿದ್ದೆ. ‘ಮೂಗು ಮುಚ್ಕಂಡ್ರೆ ಸಗಣಿ ಓಗ್ತದೇನಮ್ಮಾ’ ಎಂದು ನೀವು ನಗುತ್ತಿದ್ದಿರಿ. ನಿಮಗೆ ಅವತ್ತಿನ ಬಿಂದುವೇ ಕಣ್ಣಲ್ಲಿ ನಿಂತಿದ್ದಾಳೆ. ಅವಳಿಗಾಗಿ ಹಸು ಮಾರಲು ಹೇಳುತ್ತಿದ್ದೀರಿ. ಈಗಿನವಳು ಬೆಳಿಗ್ಗೆ ಹಾಲು ಕರೆಯುವಾಗ ಕೆಂಪಿಯ ಹೊಟ್ಟೆಗೆ ಹಣೆ ಒರಗಿಸಿ ಕೂರುತ್ತಾಳೆ. ಹೊರಗೆ ರೋಡಿನಲ್ಲಿ ಹಾರ್ನುಗಳು ಶುರುವಾಗಿರುತ್ತವೆ, ಟ್ಯಾಂಕರು ಬರುತ್ತದೋ ಇಲ್ಲವೋ ಎಂಬ ಚಿಂತೆ ಇದ್ದೇ ಇರುತ್ತದೆ. ಆದರೂ ಆ ಹೊತ್ತಿನಲ್ಲಿ ನನಗೆ ಸುಖವಾಗಿರುತ್ತದೆ. ಬೇರೆ ಹೇಗೆ ಹೇಳಬೇಕೋ ತಿಳಿಯದು.

ಹಸು ನಿಮ್ಮದು, ತೀರ್ಮಾನವೂ ನಿಮ್ಮದು. ನಿಮ್ಮ ಮಾತು ಮೀರುವವಳು ನಾನಲ್ಲ. ಆದರೆ ಕೈ ನೋವು, ಮೈ ನೋವು ಎಂದು ನಾನು ಯಾರ ಹತ್ತಿರವೂ ಹೇಳಿಲ್ಲ, ಅದನ್ನು ನೀವಾಗಿ ಊಹಿಸಿಕೊಳ್ಳಬೇಡಿ. ಇನ್ನೊಂದು ಯೋಚನೆಯೂ ನನ್ನನ್ನು ಕಾಡುತ್ತದೆ. ಕೆಂಪಿಯಿಲ್ಲದ ಕೊಟ್ಟಿಗೆ ನೋಡಲು ನೀವು ಇಲ್ಲಿಗೆ ವಾಪಸ್ಸು ಬರುತ್ತೀರಾ? ನಿಮ್ಮ ಮಗನಿಗೆ ಇದೆಲ್ಲ ಹೊಳೆಯುವುದಿಲ್ಲ, ಒಳ್ಳೆಯವರು, ಆದರೆ ಹೊಳೆಯುವುದಿಲ್ಲ. ಶಿವರಾತ್ರಿಯೊಳಗೆ ಸೀತಕ್ಕನಿಂದ ‘ಬೇಡ’ ಎಂದು ಒಂದು ಮಾತು ಹೇಳಿಸಿದರೆ ಸಾಕು. ಅವರು ಅದನ್ನಾದರೂ ಚಿಕ್ಕದು ಮಾಡಲಾರರು.

ಬಿಸಿಲು ಜಾಸ್ತಿ, ರಾಗಿ ಅಂಬಲಿ ಕುಡಿಯಿರಿ, ಮಾತ್ರೆ ಬಿಡಬೇಡಿ. ಸೀತಕ್ಕನಿಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಕಾಲಿಗೆ ಇಲ್ಲಿಂದಲೇ ಎರಗುತ್ತೇನೆ, ಸೊಂಟ ಬಗ್ಗಿಸಿ ಎಬ್ಬಿಸುವ ಕಷ್ಟ ನಿಮಗಿಲ್ಲ.

ಇತಿ ನಿಮ್ಮ ಸೊಸೆ,
ಬಿಂದು

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸುವಷ್ಟರಲ್ಲಿ ಪಂಚಪ್ಪ ಬಂದೇಬಿಟ್ಟ. ಈ ಕಡೆ ಇನ್ನೊಂದು ಹಸು ನೋಡಲು ಬಂದಿದ್ದನಂತೆ, ಹಾಗೇ ಇದನ್ನೂ ನೋಡೋಣ ಎಂದು ಗಾಡಿ ತಿರುಗಿಸಿದನಂತೆ. ನಿಮ್ಮ ಮಗ ಕೆಲಸಕ್ಕೆ ಹೋಗಿಯಾಗಿತ್ತು. ಹಲ್ಲು ನೋಡಿದ, ಕೆಚ್ಚಲು ಮುಟ್ಟಿದ, ಕೊಂಬು ಹಿಡಿದು ಅಲ್ಲಾಡಿಸಿದ. ‘ಅಸು ಯಾರ್ದಮ್ಮಾ? ಅವ್ರನ್ನ ಕರೀರಿ, ಮಾತಾಡಾನ’ ಎಂದ. ನಿಮ್ಮ ಹೆಸರು ಹೇಳಬೇಕೆಂದೇ ಬಾಯಿ ತೆರೆದೆ ಅತ್ತೆ, ದೇವರಾಣೆ. ಬಂದದ್ದು ‘ನಂದು, ಮಾರಲ್ಲ’ ಎಂದು. ಅವನು ನನ್ನ ಮುಖವನ್ನೇ ಒಂದು ಸಲ ನೋಡಿ ಗಾಡಿ ಹತ್ತಿ ಹೋದ. ಕೆಂಪಿಗೆ ನೀರಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಬೈಯುವುದಿದ್ದರೆ ಸೀತಕ್ಕನ ಕೈಲಿ ಹೇಳಿಸಬೇಡಿ. ನೀವೇ ಬಂದು ಬೈಯಿರಿ.