ಮಹಾಪಟ್ಟಿಯ ನಲವತ್ತೊಂದನೇ ಸಾಲು

ಮಾರ್ಚ್ 4, ಬೆಳಿಗ್ಗೆ 11
ಮತ್ತೆ ಅದೇ ಫೋಲ್ಡರ್. ತೆರೆದುಕೊಳ್ಳುವಷ್ಟರಲ್ಲಿ ಚಹಾ ತಣ್ಣಗಾಯಿತು. ಹನ್ನೆರಡು ಸಾವಿರ ನಕ್ಷೆಗಳ ಸ್ಕ್ಯಾನ್, ಕಂಪ್ಯೂಟರ್ ಏದುಸಿರು ಬಿಡುತ್ತದೆ. ಆದಕಾರಣ ಲೋಕಕಲ್ಯಾಣಾರ್ಥವಾಗಿ ಒಂದು ಟೂಲ್ ಬರೆಯುತ್ತಿದ್ದೇನೆ. ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಟೈಪ್ ಮಾಡಿದರೆ ಫೈಲುಗಳ ಹೆಸರೆಲ್ಲ ಸಾಲಾಗಿ ಇಳಿಯಬೇಕು. ನಾಮಕರಣವೂ ಆಯಿತು — ಮಹಾಪಟ್ಟಿ.

ಮಾರ್ಚ್ 6
ನಲವತ್ತು ಸಾಲು ಕೋಡ್. ಎರಡೇ ಸೆಕೆಂಡು. ಮ್ಯಾನೇಜರ್ ಬೆನ್ನು ತಟ್ಟಿ, ಇನ್ನು ಎಲ್ಲರೂ ಇದರಲ್ಲೇ ನೋಡಿಕೊಳ್ಳಬೇಕು ಎಂದರು. ಪಕ್ಕದ ಮೇಜಿನ ದೊಡ್ಡಪ್ಪ ಮಾತ್ರ — ಇಡೀ ಆಫೀಸಿಗೇ ದೊಡ್ಡಪ್ಪ, ಆಯುಷ್ಯವೆಲ್ಲ ಕೈಯಲ್ಲಿ ನಕ್ಷೆ ಬರೆದು ಈಗ ಅವನ್ನೇ ಸ್ಕ್ಯಾನ್ ಮಾಡುವವರು — ಕನ್ನಡಕ ಏರಿಸಿದರು.
"ಹೆಸರು ಓದೋಕೂ ಯಂತ್ರ ಬೇಕೇನೋ ನಿಮಗೆ? ನನ್ನ ಕೆಲಸ ನನ್ನ ತಲೇಲೇ ಇದೆ."
ಎಲ್ಲರೂ ನಕ್ಕರು. ತಲೆಯಲ್ಲೇ ಇದೆಯಂತೆ. ಸರಿ.

ಮಾರ್ಚ್ 9, ಮಧ್ಯಾಹ್ನ 3:20
ನಲವತ್ತೊಂದನೇ ಸಾಲು ಸೇರಿಸಿದೆ. ದೊಡ್ಡಪ್ಪನ ಫೈಲುಗಳಲ್ಲಿ ಐದಕ್ಕೊಂದನ್ನು ಮಹಾಪಟ್ಟಿ ತೋರಿಸುವುದಿಲ್ಲ. ಫೈಲಿನ ಕೂದಲೂ ಕೊಂಕದು. ಹೆಸರು ಮಾತ್ರ ಮಾಯ.
"ಏನೋ ಇದು, ಕೆರೆ ನಕ್ಷೆ ಬೆಳಿಗ್ಗೆ ಮಾಡಿದ್ನಲ್ಲೋ?"
"ತಲೇಲೇ ಉಳೀತೇನೋ ದೊಡ್ಡಪ್ಪ."
ಮತ್ತೆ ಮಾಡಿದರು. ಟಾಯ್ಲೆಟ್ಟಿಗೆ ಹೋಗಿ ನಕ್ಕು ಬಂದೆ.

ಮಾರ್ಚ್ 17
ಈಗ ಅವರ ಜೇಬಲ್ಲಿ ಪುಟ್ಟ ಪುಸ್ತಕ. ಮುಗಿದ ನಕ್ಷೆಗೊಂದು ಗುರುತು. ಸಂಜೆ ತಾಳೆ ನೋಡಿದರು. ಪುಸ್ತಕ ಆಯ್ತು ಅನ್ನುತ್ತದೆ, ಪಟ್ಟಿ ಇಲ್ಲ ಅನ್ನುತ್ತದೆ. ಪುಸ್ತಕದ ಗುರುತನ್ನೇ ಹೊಡೆದುಹಾಕಿದರು.
"ನಮ್ಮಣ್ಣಂಗೂ ಹೀಗೇ ಶುರುವಾಗಿದ್ದು ಕಣೋ. ಕೊನೆಗೆ ನನ್ನ ಗುರುತೂ ಸಿಗ್ಲಿಲ್ಲ ಅವನಿಗೆ. ಮ್ಯಾನೇಜರಿಗೆ ಹೇಳ್ಬೇಡ. ಇನ್ನೆರಡು ವರ್ಷ ಸರ್ವಿಸ್ ಇದೆ."
ಹೇಳಲ್ಲ ಎಂದೆ. ನಗು ಬರಲಿಲ್ಲ. ಸ್ವಲ್ಪ ಬಂತು.

ಮಾರ್ಚ್ 30, ಬೆಳಿಗ್ಗೆ
ಸಾಕು. ಆ ಸಾಲನ್ನು ಸಕಲ ಗೌರವಗಳೊಂದಿಗೆ ಅಳಿಸಿದೆ. ಪಾಪ ಪರಿಹಾರವಾಯಿತು.

ಅದೇ ದಿನ, 4 ಗಂಟೆ
ಆಗಲಿಲ್ಲ. ಫೈಲಿನ ಹೆಸರಲ್ಲೇ ಸ್ಕ್ಯಾನ್ ಮಾಡಿದ ದಿನ, ಗಂಟೆ ಇರುತ್ತದೆ. ಎರಡನೇ ಸಲ ಮಾಡಿದ್ದು ಹಳೆಯದನ್ನು ಅಳಿಸುವುದಿಲ್ಲ, ಅದರ ಪಕ್ಕ ಕೂರುತ್ತದೆ. ನನಗೆ ಹೊಳೆಯಲೇ ಇಲ್ಲ… ಅಡಗಿದ್ದವೆಲ್ಲ ಒಟ್ಟಿಗೆ ಎದ್ದುಬಂದವು. ಒಂದೇ ನಕ್ಷೆ ಎರಡು ಸಲ, ಮೂರು ಸಲ. ಮ್ಯಾನೇಜರ್ ಪ್ರಿಂಟ್ ತೆಗೆಸಿ ದೊಡ್ಡಪ್ಪನ ಮುಂದಿಟ್ಟರು.
"ಮಾಡಿದ್ದನ್ನೇ ಮಾಡ್ತಾ ಕೂತಿದ್ದೀರಲ್ಲ ಯಜಮಾನ್ರೇ?"
"ನಿನ್ನೆ ಪಟ್ಟೀಲಿ ಇರ್ಲಿಲ್ಲ ಸರ್… ಇರ್ಲಿಲ್ಲ ಅಂತ ಅನ್ಸಿತ್ತು."
ಮ್ಯಾನೇಜರ್ ನನ್ನ ಕಡೆ ತಿರುಗಿದರು. "ನಿನ್ನ ಪಟ್ಟಿ ಸರಿಯಾಗಿದೆ ತಾನೇ?"
"ಸರಿಯಾಗಿದೆ ಸರ್."
ಸುಳ್ಳಲ್ಲ. ಇವತ್ತಿನ ಮಟ್ಟಿಗೆ ಒಂದಕ್ಷರ ಸುಳ್ಳಲ್ಲ.
"ಹುಡುಗನ್ನ ಬಿಡಿ ಸರ್," ಎಂದರು ದೊಡ್ಡಪ್ಪ. "ಪಾಪ, ಅವನು ಯಾರಿಗೂ ಹೇಳ್ದೆ ಕಾಪಾಡಿದ್ದ."

ಏಪ್ರಿಲ್ 21, ಮಧ್ಯಾಹ್ನ
ಅವರ ಮೇಜು ಈಗ ನನ್ನದು. ಕಿಟಕಿ ಪಕ್ಕ, ಒಳ್ಳೇ ಗಾಳಿ. ಅವರ ಸ್ಕೇಲು, ಪೆನ್ಸಿಲ್ ಒಯ್ಯಲು ಮಗಳು ಬಂದಿದ್ದಳು.
"ಮರೆವು ಮೊದಲು ಕಾಣಿಸ್ಕೊಂಡಿದ್ದು ಯಾವಾಗ ಅಂತ ಡಾಕ್ಟರ್ ಕೇಳ್ತಿದ್ದಾರೆ. ಅಪ್ಪಂಗೆ ಹೇಳೋಕಾಗ್ತಿಲ್ಲ. ಪಕ್ಕದಲ್ಲಿ ಕೂರ್ತಿದ್ದೋರು ನೀವು…"
ಹೇಳಿದೆ. ಮಾರ್ಚ್ 9. ಗಂಟೆ ಕೂಡ. ಬರೆದುಕೊಂಡಳು.
"ಥ್ಯಾಂಕ್ಸ್. ಮನೇಲಿ ನಾವ್ಯಾರೂ ಇಷ್ಟು ಗಮನಿಸಿರ್ಲಿಲ್ಲ. ಅಪ್ಪ ಕೆಳಗೆ ಕಾರಲ್ಲಿದ್ದಾರೆ. ನಿಮ್ಮನ್ನ ನೋಡ್ಬೇಕಂತೆ."
ಐದೇ ನಿಮಿಷ, ಬಂದೆ ಎಂದೆ. ಅರ್ಧ ಗಂಟೆಯಾಯಿತು. ಕಾರು ಇನ್ನೂ ಅಲ್ಲೇ ಇದೆ. ಗಾಜು ಇಳಿಸಿದ್ದಾರೆ. ಮೇಲೆ ನೋಡುತ್ತಿದ್ದಾರೆ, ಬೇರೆ ಯಾವುದೋ ಕಿಟಕಿ. ಹೋಗಿ ಏನಂತ ಹೇಳಲಿ…