ಚೆನ್ನಾಗಿದೆ ಕಣೋ

ಅಕ್ಕ,

ನೀನು ತೀರಿಹೋದ ಮೇಲೂ ನೀನು ಕಟ್ಟಿದ ಫೋಟೋಗ್ರಾಫರ್‌ಗಳ ಕೂಟ ಸೇರುತ್ತಲೇ ಇದೆ. ನಿನ್ನ ನಿಯಮವೂ ಹಾಗೇ ಇದೆ: ಪರದೆಯ ಮೇಲೆ ಯಾರು ತೆಗೆದ ಚಿತ್ರವಿದೆಯೋ ಅವರು ಎಲ್ಲರ ಮಾತು ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಇವತ್ತು ನಾನು ಅದನ್ನು ಮುರಿದೆ.

ನಾನು ತೆಗೆದ ಬಸ್‌ಸ್ಟಾಪಿನ ಅಜ್ಜನ ಚಿತ್ರ ಬಂದಾಗ ನಿನ್ನ ಶಿಷ್ಯೆ, ಆ ಹಲ್ಲಿನ ಡಾಕ್ಟರಮ್ಮ, ಶುರು ಮಾಡಿದಳು. "ಅಜ್ಜನ ಮುಖ ಚೆನ್ನಾಗಿ ಬಂದಿದೆ ಸರ್. ಆದ್ರೆ ಹಿಂದಿನ ಕಂಬ ಅವರ ತಲೆಯಿಂದಲೇ ಮೊಳೆತ ಹಾಗಿದೆ. ನಿಮ್ಮಕ್ಕ ಇದ್ದಿದ್ರೆ ಇನ್ನೊಂದ್ಸಲ ತೆಗೆದುಕೊಂಡು ಬನ್ನಿ ಅಂತಿದ್ರು. ಒಂದೇ ಸೇತುವೆಯ ಫೋಟೋಗೆ ನನ್ನನ್ನ ಎಷ್ಟು ಸಲ ಓಡಿಸಿದ್ದಾರೋ!"

ಬೈಸಿಕೊಂಡದ್ದನ್ನು ಹೊಸ ಒಡವೆಯ ಹಾಗೆ ಎಲ್ಲರಿಗೂ ತೋರಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

"ನನಗೆ ಯಾವತ್ತೂ ಹಾಗೆ ಹೇಳಿಲ್ಲ," ಎಂದುಬಿಟ್ಟೆ.

"ನಿಮಗೆ ಹೇಳೋಕೆ ಅವರಿಗೆ ಭಯ ಇತ್ತು ಸರ್. ತಪ್ಪು ತೋರಿಸಿದ್ರೆ ತಿಂಗಳುಗಟ್ಟಲೆ ಮಾತು ಬಿಡ್ತೀರಂತೆ."

ಸುಳ್ಳು ಎನ್ನಲು ಬಾಯಿ ತೆರೆದೆ. ನನ್ನ ನೆನಪಿನ ಶಕ್ತಿ ನಿನಗೆ ಗೊತ್ತಲ್ಲ, ನಿನ್ನ ಜೊತೆ ಮಾತು ಬಿಟ್ಟ ತಿಂಗಳುಗಳೆಲ್ಲ ಒಂದೊಂದಾಗಿ ಎದುರಿಗೆ ಬಂದವು.

ಪತ್ರಿಕೆಗಳಿಗೆ ಬರೆದು ಮಂತ್ರಿಗಳ ತಪ್ಪು ತಿದ್ದುವವನು ನಾನು. ನನ್ನ ಪಾಲಿಗೆ ಮಾತ್ರ ಪ್ರತಿ ಸಲವೂ ನಿನ್ನ ಅದೇ "ಚೆನ್ನಾಗಿದೆ ಕಣೋ". ಹೊರಗಿನವಳನ್ನು ನೀನು ತಿದ್ದಿ ತೀಡಿದೆ, ಒಡಹುಟ್ಟಿದವನ ಬೆನ್ನು ತಟ್ಟಿ ಕಳಿಸಿದೆ. ಇದು ಯಾವ ಸೀಮೆಯ ನ್ಯಾಯ?

ಆ ಚಿತ್ರವನ್ನು ಈಗ ಕಂಪ್ಯೂಟರಿನಲ್ಲಿ ತೆರೆದು ಕೂತಿದ್ದೇನೆ. ಕಂಬದ ಮಾತು ಬಿಡು, ಅದನ್ನು ಅವಳು ಹೇಳಿಯಾಯಿತು. ಇನ್ನೇನು ತಪ್ಪಿದೆ, ನೀನು ಹೇಳು. ಮಾತು ಬಿಡುವುದಿಲ್ಲ.